ಮೊದಲ ಪ್ರಶ್ನೆ ‘ಎಲ್ಲಿ?’: ಕೊಡಗಿನ ತುರ್ತು ಕರೆಗಳ ಆಚೆ ತುದಿಯ ಕೆಲಸ

(ಮಳೆಗಾಲಕ್ಕೆ ಮೊದಲು ಮಡಿಕೇರಿಯಲ್ಲಿ ತೋಟದ ಮಾಲೀಕರು, ರೈಟರ್‌ಗಳು, ಹೋಂಸ್ಟೇ ನಡೆಸುವವರು ಮತ್ತು ಜೀಪ್ ಚಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿದವರು ಸಿಡಿಮಿಡಿಗೊಳ್ಳುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. “ಆನೆ ತುಳಿದಿದೆ ಅಂತ ಹೇಳ್ತಿದ್ದೀನಿ, ಇವರು ಊರು ಯಾವುದು, ತಾಲ್ಲೂಕು ಯಾವುದು ಅಂತ ಕೇಳ್ತಾ ಕೂತಿದ್ದಾರೆ!” ಸಿಟ್ಟು ನ್ಯಾಯವೇ. ಆದರೆ ಆ ಕಡೆ ಹೆಡ್‌ಫೋನ್ ಹಾಕಿಕೊಂಡು ಕೂತವರ ಲೆಕ್ಕ ಬೇರೆ. ಹತ್ತನೇ ಸೆಕೆಂಡಿಗೆ ಕರೆ ಕಟ್ಟಾಯಿತು ಎನ್ನಿ. ಜಾಗ ಗೊತ್ತಿದ್ದು ಏನಾಗಿದೆ ಎಂಬುದು ಗೊತ್ತಿಲ್ಲದಿದ್ದರೂ ಒಂದು ವಾಹನ ಹೊರಡಿಸಬಹುದು. ಏನಾಗಿದೆ ಎಂದು ಪೂರ್ತಿ ಗೊತ್ತಿದ್ದು ಜಾಗ ಗೊತ್ತಿಲ್ಲದಿದ್ದರೆ ಯಾವುದನ್ನೂ ಎಲ್ಲಿಗೂ ಕಳಿಸಲಾಗದು. ಕೊಡಗಿನಲ್ಲಿ ಕರೆ ಹತ್ತನೇ ಸೆಕೆಂಡಿಗೆ ಕಟ್ಟಾಗುವುದು ಅಪರೂಪವಲ್ಲ ಎಂಬುದು ನಿಮಗೇ ಗೊತ್ತು.

ಕರೆ ಹೋಗುವ ದಾರಿಯನ್ನು ಮೊದಲು ಹೇಳುತ್ತೇವೆ. ನೀವು ಭಾಗಮಂಡಲದಿಂದ 112 ಒತ್ತಿದರೆ ಎತ್ತುವವರು ಮಡಿಕೇರಿಯಲ್ಲಿಲ್ಲ, ಬೆಂಗಳೂರಿನ ರಾಜ್ಯ ಕೇಂದ್ರದಲ್ಲಿದ್ದಾರೆ. ಎತ್ತುವವರು ಕಾಲ್ ಟೇಕರ್. ಅವರು ಕೇಳಿದ್ದನ್ನು ಟೈಪ್ ಮಾಡಿ ಒಂದು ‘ಇವೆಂಟ್’ ತೆರೆಯುತ್ತಾರೆ. ಅದು ಕೊಡಗಿನ ಪೊಲೀಸ್ ಕಂಟ್ರೋಲ್ ರೂಮಿನ ಪರದೆಗೆ ಬೀಳುತ್ತದೆ. ಅಲ್ಲಿ ಕೂತ ಡಿಸ್ಪ್ಯಾಚರ್ ಯಾವ ವಾಹನ ಎಲ್ಲಿದೆ ಎಂದು ನೋಡಿ ಹೊರಡಿಸುತ್ತಾರೆ. ವಾಹನದೊಳಗಿನ ಟ್ಯಾಬ್‌ನಲ್ಲಿ ಅದೇ ವಿವರ ಮೂಡುತ್ತದೆ. ಆಂಬುಲೆನ್ಸ್ ಬೇಕಾದರೆ ಕರೆಯನ್ನು 108ಕ್ಕೆ ಜೋಡಿಸುತ್ತಾರೆ. 2008ರ ನವೆಂಬರ್ 1ರಂದು ಶುರುವಾದ ಈ 108 ಸೇವೆ, ಅಂದರೆ ಆರೋಗ್ಯ ಕವಚಕ್ಕೆ ಅದರದ್ದೇ ಕೇಂದ್ರ, ಅದರದ್ದೇ ಪ್ರಶ್ನೆಗಳಿವೆ. ಹಾಗಾಗಿ ಹೇಳಿದ್ದನ್ನೇ ಎರಡನೇ ಸಲ ಹೇಳಬೇಕಾಗಬಹುದು; ದಯವಿಟ್ಟು ಫೋನ್ ಇಡಬೇಡಿ. ಬರೀ ಆಂಬುಲೆನ್ಸ್ ಸಾಕು ಎಂದು ಖಚಿತವಿದ್ದರೆ ನೇರ 108 ಒತ್ತಿದರೆ ಒಂದು ಮೆಟ್ಟಿಲು ಉಳಿಯುತ್ತದೆ.

ಕಾಲ್ ಟೇಕರ್ ಬೆಂಗಳೂರಿನವರು ಎನ್ನುವುದರಿಂದ ಮೊದಲ ತೊಡಕು. “ಸಿದ್ದಾಪುರ” ಎಂದರೆ ನಿಮಗೆ ಕರಡಿಗೋಡಿನ ಪಕ್ಕದ ಸಿದ್ದಾಪುರ. ಅವರ ಕಂಪ್ಯೂಟರಿಗೆ ಉತ್ತರ ಕನ್ನಡದ್ದು, ಕುಂದಾಪುರ ಕಡೆಯದು, ಬೆಂಗಳೂರಿನ ಜಯನಗರದ ಪಕ್ಕದ್ದು, ಎಲ್ಲವೂ ಸಿದ್ದಾಪುರವೇ. ಬೆಟ್ಟಗೇರಿ ಎಂದರೆ ಅವರಿಗೆ ಗದಗದ್ದು. ಮಾದಾಪುರ, ಹೊಸೂರು ಎಂಬ ಹೆಸರಿನ ಊರುಗಳಂತೂ ರಾಜ್ಯದ ಉದ್ದಕ್ಕೂ ಇವೆ. ಆದ್ದರಿಂದ ಬಾಯಿಗೆ ಬರಬೇಕಾದ ಕ್ರಮ ಇದು: ಜಿಲ್ಲೆ, ತಾಲ್ಲೂಕು, ಊರು, ಆಮೇಲೆ ತೋಟ. “ಕೊಡಗು ಜಿಲ್ಲೆ, ವಿರಾಜಪೇಟೆ ತಾಲ್ಲೂಕು, ಸಿದ್ದಾಪುರ” ಎನ್ನಲು ಮೂರು ಸೆಕೆಂಡು ಸಾಕು. ಪೊನ್ನಂಪೇಟೆ, ಕುಶಾಲನಗರ ಬೇರೆ ತಾಲ್ಲೂಕುಗಳಾದ ಮೇಲೂ ಹಲವರು ಹಳೆಯ ಹೆಸರನ್ನೇ ಹೇಳುತ್ತಾರೆ. ಅದರಿಂದ ದೊಡ್ಡ ತೊಂದರೆಯಿಲ್ಲ, ಜಿಲ್ಲೆ ತಪ್ಪದಿದ್ದರೆ ಸರಿ.

“ಫೋನಿನಲ್ಲೇ ಲೊಕೇಶನ್ ಹೋಗುತ್ತದಲ್ಲ?” ಎಂದು ಕೇಳುವವರಿದ್ದಾರೆ. ಹೋಗುತ್ತದೆ, ಆದರೆ ಏನು ಹೋಗುತ್ತದೆ ಎಂದು ತಿಳಿದಿರಬೇಕು. ಸಾಮಾನ್ಯ ಕರೆಯಲ್ಲಿ ಮುಖ್ಯವಾಗಿ ಸಿಗುವುದು ಟವರಿನ ಅಂದಾಜು. ಒಂದು ಟವರಿಗೆ ಸಾಮಾನ್ಯವಾಗಿ ಮೂರು ಮುಖ, ಒಂದೊಂದು ಮುಖ ಸುಮಾರು 120 ಡಿಗ್ರಿಯ ಬೀಸಣಿಗೆಯ ಹಾಗೆ ಹರಡುತ್ತದೆ. ಪೇಟೆಯಲ್ಲಿ ಟವರುಗಳು ಒತ್ತಾಗಿರುವುದರಿಂದ ಆ ಬೀಸಣಿಗೆ ಕೆಲವು ನೂರು ಮೀಟರ್. ಬೆಟ್ಟದಲ್ಲಿ ಅದೇ ಕೆಲವು ಕಿಲೋಮೀಟರ್, ಅದರೊಳಗೆ ನಾಲ್ಕು ತೋಟ, ಒಂದು ಹೊಳೆ, ಎರಡು ಗುಡ್ಡ. ಸಾಲದ್ದಕ್ಕೆ ಇಲ್ಲಿ ಸಿಗ್ನಲ್ ಹುಡುಕಿಕೊಂಡು ಜನ ಗುಡ್ಡ ಹತ್ತುತ್ತಾರೆ. ಫೋನ್ ಇರುವ ಜಾಗ ಬೇರೆ, ಮನುಷ್ಯ ಬಿದ್ದಿರುವ ಜಾಗ ಬೇರೆ. ಅನುಭವವಿರುವ ಡಿಸ್ಪ್ಯಾಚರ್ ಕೊಡಗಿನ ಕರೆಗೆ ಯಾವಾಗಲೂ ಒಂದು ಪ್ರಶ್ನೆ ಹೆಚ್ಚು ಕೇಳುತ್ತಾರೆ: “ನೀವು ಈಗ ಅವರ ಹತ್ತಿರವೇ ಇದ್ದೀರಾ?”

ಗಡಿಯ ಕಥೆ ಇನ್ನೊಂದು. ಕುಟ್ಟ, ಮಾಕುಟ್ಟ, ಕರಿಕೆ ಕಡೆಯ ಫೋನ್ ಕೇರಳದ ಟವರ್ ಹಿಡಿದರೆ 112 ಕೇರಳದ ಕೇಂದ್ರಕ್ಕೆ ಹೋಗಿಬಿಡಬಹುದು. ಆಗ ಗಾಬರಿಯಿಂದ ಕಟ್ ಮಾಡಿ ಮತ್ತೆ ಮತ್ತೆ ಒತ್ತಿದರೆ ಅದೇ ಟವರೇ ಸಿಗುತ್ತದೆ. “ಕರ್ನಾಟಕ, ಕೊಡಗು” ಎಂದು ಮೊದಲು ಹೇಳಿ, ಆ ಕಡೆಯವರಿಗೆ ವಿಷಯ ದಾಟಿಸಲು ಬಿಡಿ. ಹಾಗೆಯೇ ದೆಹಲಿಯಲ್ಲಿರುವ ಮಗ ಗೋಣಿಕೊಪ್ಪದ ತಾಯಿಗಾಗಿ 112 ಒತ್ತಿದರೆ ಎತ್ತುವುದು ದೆಹಲಿ. ಹೊರಗಿರುವ ಮಕ್ಕಳ ಫೋನಿನಲ್ಲಿ 08272ರಿಂದ ಶುರುವಾಗುವ ಜಿಲ್ಲಾ ಕಂಟ್ರೋಲ್ ರೂಮಿನ ಸ್ಥಿರ ದೂರವಾಣಿ ಸಂಖ್ಯೆ ಇರಲಿ.

ಇನ್ನು ತೋಟದ ವಿಳಾಸ. ಬಯಲುಸೀಮೆಯ ಊರಿನಲ್ಲಿ ಮನೆಗಳು ಗುಂಪಾಗಿರುತ್ತವೆ, ಊರ ಬಾಗಿಲಿಗೆ ಬಂದವರು ಯಾರನ್ನಾದರೂ ಕೇಳಬಹುದು. ಇಲ್ಲಿ ಗೇಟಿನಿಂದ ಮನೆಗೆ ಒಂದು ಕಿಲೋಮೀಟರ್, ಕೆಲಸಗಾರರ ಲೈನ್ ಮನೆ ಇನ್ನೊಂದು ಕಡೆ, ರಾತ್ರಿ ಕೇಳಲು ನರಪಿಳ್ಳೆಯಿಲ್ಲ. ಒಂದೇ ತೋಟಕ್ಕೆ ಮೂರು ಗೇಟು, ಮೂರಕ್ಕೂ ಒಂದೇ ಬೋರ್ಡು. ಒಕ್ಕದ (ಕೊಡವ ಕುಟುಂಬದ) ಹೆಸರು ಹೇಳಿದರೆ ಊರಿನವರಿಗೆ ಅವರ ಮೂಲಮನೆಯಾದ ಐನ್‌ಮನೆ ತಿಳಿಯುತ್ತದೆ, ಟ್ಯಾಬ್ ನೋಡಿಕೊಂಡು ಬರುವ ಚಾಲಕನಿಗೆ ತಿಳಿಯುವುದಿಲ್ಲ. ಕೆಲಸಕ್ಕೆ ಬರುವ ಗುರುತುಗಳು ಕೆಲವಿವೆ. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಜೊತೆಗೆ ಮುಖ ಯಾವ ಕಡೆ, ಮಡಿಕೇರಿಯತ್ತವೋ ಸಂಪಾಜೆಯತ್ತವೋ. ತೋಟವಾದರೆ ಹತ್ತಿರದ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದ ಸಂಖ್ಯೆ, ಇಲ್ಲವೇ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್. ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮ್ಯಾನ್‌ಗೆ ಆ ಸಂಖ್ಯೆ ಹೇಳಿದರೆ ಕಣ್ಣು ಮುಚ್ಚಿಕೊಂಡು ದಾರಿ ಹೇಳುತ್ತಾರೆ. ಅಂಚೆ ಕಚೇರಿ, ಹಾಲಿನ ಡೈರಿ, ಶಾಲೆ ಗಟ್ಟಿ ಗುರುತುಗಳು. ದೊಡ್ಡ ಮರ, ತಿರುವು, “ಸ್ವಲ್ಪ ಮುಂದೆ” ಇವು ಗುರುತುಗಳಲ್ಲ. ನಮ್ಮ ಕಡೆಯ “ಇಲ್ಲೇ ಪಕ್ಕ” 200 ಮೀಟರಿನಿಂದ ನಾಲ್ಕು ಕಿಲೋಮೀಟರ್‌ವರೆಗೆ ಎಷ್ಟಾದರೂ ಆಗಬಹುದು.

ಇಂಟರ್ನೆಟ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಮ್ಯಾಪ್‌ನಲ್ಲಿ ನಿಂತ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ, ಅವನ್ನು ಓದಿ ಹೇಳಬಹುದು. ಕೊಡಗಿನಲ್ಲಿ ಮೊದಲನೆಯದು 12ರಿಂದ ಶುರುವಾಗಬೇಕು (ದಕ್ಷಿಣದ ತುದಿಯಲ್ಲಿ 11.9), ಎರಡನೆಯದು 75 ಅಥವಾ 76ರಿಂದ. ಬೇರೆ ಏನು ಬಂದರೂ ಓದಿದ್ದು ತಪ್ಪು. ಚುಕ್ಕಿಯ ನಂತರ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರಿನಷ್ಟು ಹತ್ತಿರ ಬರುತ್ತೇವೆ, ಎರಡೇ ಅಂಕಿಗೆ ನಿಲ್ಲಿಸಿದರೆ ಒಂದು ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ. ಎಲ್ಲಕ್ಕಿಂತ ಕೆಟ್ಟ ತಪ್ಪು ಡಿಗ್ರಿ-ಮಿನಿಟನ್ನು ದಶಮಾಂಶದಂತೆ ಬರೆದುಕೊಳ್ಳುವುದು. ಮಡಿಕೇರಿ 12 ಡಿಗ್ರಿ 25 ಮಿನಿಟಿನಲ್ಲಿದೆ, ದಶಮಾಂಶದಲ್ಲಿ ಅದು 12.42. ಅದನ್ನು 12.25 ಎಂದು ಟೈಪ್ ಮಾಡಿದರೆ ವಾಹನ 18 ಕಿಲೋಮೀಟರ್ ದಕ್ಷಿಣಕ್ಕೆ, ಹೆಚ್ಚುಕಡಿಮೆ ವಿರಾಜಪೇಟೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಜಾಗ ಸಿಕ್ಕಿತು, ಕರೆ ಕಟ್ಟಾದರೆ ಮತ್ತೆ ಮಾಡಲು ನಂಬರ್ ಸಿಕ್ಕಿತು. ಮೂರನೆಯದು ಏನಾಗಿದೆ ಎಂಬುದು. ಇಲ್ಲಿ ಕಾಲ್ ಟೇಕರ್‌ಗೆ ಶತ್ರು ನಮ್ಮದೇ ಮಾತು. ಅತಿ ಅಪಾಯದ ಪದ ಯಾವುದು ಎಂದು ಕೇಳಿದರೆ ‘ಗ್ಯಾಸ್ಟ್ರಿಕ್’ ಎಂದೇ ಹೇಳುತ್ತೇವೆ. ಎದೆ ಒತ್ತುತ್ತಿದೆ, ಬೆವರು ಸುರಿಯುತ್ತಿದೆ, ದವಡೆಗೋ ಎಡಗೈಗೋ ನೋವು ಹರಿದಿದೆ, ಆದರೂ ಮನೆಯವರು “ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ” ಎನ್ನುತ್ತಾರೆ. ಆ ಪದ ಕೇಳಿದೊಡನೆ ಬೆವರಿನ ಬಗ್ಗೆ ಕೇಳಬೇಕು. ಎರಡನೆಯ ಪದ ‘ಉಸಿರಾಡ್ತಿದ್ದಾರೆ’. ಹೃದಯ ನಿಂತ ಮೊದಲ ಕೆಲವು ನಿಮಿಷ ಬಾಯಿ ತೆರೆದು ಗೊರ್ ಎಂದು ಎಳೆಯುವ ಉಸಿರಿರುತ್ತದೆ, ನೋಡಿದವರಿಗೆ ಅದು ಉಸಿರಾಟವೇ. ಹಾಗಾಗಿ ಪ್ರಶ್ನೆಯನ್ನೇ ಬದಲಿಸುತ್ತಾರೆ: “ಎದೆ ನೋಡ್ತಾ ಇರಿ, ಒಂದೊಂದು ಸಲ ಮೇಲೆದ್ದಾಗಲೂ ‘ಹ್ಞಾಂ’ ಅನ್ನಿ.” ಎರಡು ‘ಹ್ಞಾಂ’ ನಡುವೆ ಎಂಟು ಹತ್ತು ಸೆಕೆಂಡು ಹೋದರೆ ಅದು ಉಸಿರಲ್ಲ. ಕೂಗಿದರೂ ಅಲುಗಾಡಿಸಿದರೂ ಎಚ್ಚರವಿಲ್ಲ, ಉಸಿರು ಸರಿಯಿಲ್ಲ, ಈ ಎರಡೇ ಸಾಕು, ಎದೆ ಒತ್ತಲು ಹೇಳುತ್ತಾರೆ.

ಮಂಚದ ಮೇಲಿದ್ದರೆ ನೆಲಕ್ಕೆ ಇಳಿಸಬೇಕು, ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ಇಳಿಯುತ್ತದೆ, ಎದೆ ಇಳಿಯುವುದಿಲ್ಲ. ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಬೇಕು. ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಆ ಕಡೆಯಿಂದ ಜೋರಾಗಿ ಎಣಿಸುತ್ತಿರುತ್ತಾರೆ. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಏಕೆಂದರೆ ದಣಿದ ಕೈ ತನಗೆ ಗೊತ್ತಿಲ್ಲದೆಯೇ ಮೇಲೆಮೇಲೆ ಒತ್ತತೊಡಗುತ್ತದೆ. ಪಕ್ಕೆಲುಬು ಮುರಿದ ಸದ್ದು ಬಂದರೂ ನಿಲ್ಲಿಸಬಾರದು.

ಹಾವು ಕಚ್ಚಿದೆ ಎಂದಾಗ ಹೇಳುವುದು ಕಡಿಮೆ, ತಡೆಯುವುದು ಹೆಚ್ಚು. ಕಟ್ಟಬೇಡಿ, ಕುಯ್ಯಬೇಡಿ, ಬಾಯಿ ಹಾಕಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕೈಕಾಲು ಅಲುಗಾಡದಂತೆ ಹಲಗೆ ಕಟ್ಟಿ, ಕಚ್ಚಿದ ಹೊತ್ತು ನೆನಪಿಡಿ, ನಡೆಸಬೇಡಿ. ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡರೆ ಒಂದು ಕರೆ ಎರಡಾಗುತ್ತದೆ. ದೂರದಿಂದ ಫೋಟೊ ಸಿಕ್ಕರೆ ಮಾತ್ರ ಒಳ್ಳೆಯದು. ನಮ್ಮ ಕಾಫಿ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆ ಎದ್ದಿರುವ ಗುಳಿಮಂಡಲ ಎಂಬ ಪುಟ್ಟ ವಿಷದ ಹಾವಿದೆ. ಭಾರತದಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ, ಈ ಗುಳಿಮಂಡಲ ಅದರಲ್ಲಿ ಸೇರಿಲ್ಲ. ವೈದ್ಯರಿಗೆ ಆ ಫೋಟೊ ಬೇಕಾಗುವುದು ಅದಕ್ಕೇ.

ಕೊಡಗಿನದ್ದೇ ಆದ ಒಂದು ಕರೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. ಕರಿಮೆಣಸು ಕೊಯ್ಯುವಾಗ, ಮರಕಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗುತ್ತದೆ. ಏಣಿ ಎತ್ತಿ ಜಾಗ ಬದಲಿಸುವಾಗಲೇ ಹೆಚ್ಚು, ಏಕೆಂದರೆ ಆಗ ಕಣ್ಣು ನೆಲದ ಮೇಲಿರುತ್ತದೆ, ಏಣಿಯ ತುದಿ ಎಲೆಗಳ ನಡುವೆ. ಓಡಿ ಬಂದು ಹಿಡಿದ ಎರಡನೆಯವರೂ ಬೀಳುತ್ತಾರೆ. “ಕರೆಂಟ್ ಹೊಡೆದಿದೆ” ಎಂಬ ಕರೆಗೆ ಹೇಳುವ ಮೊದಲ ಮಾತು “ಯಾರೂ ಹತ್ತಿರ ಹೋಗಬೇಡಿ”. ಮನೆಯ 230 ವೋಲ್ಟಿಗೆ ಒಣ ಕೋಲಿನಿಂದ ತಳ್ಳುವುದು ಕೇಳಿದ್ದೀರಿ, 11 ಸಾವಿರ ವೋಲ್ಟಿನ ಲೈನಿನ ಮುಂದೆ ಒಣ ಬಿದಿರೂ ನಂಬಿಕೆಗೆ ಅರ್ಹವಲ್ಲ. ತಂತಿ ನೆಲಕ್ಕೆ ಬಿದ್ದಿದ್ದರೆ ಸುತ್ತಲಿನ ನೆಲದಲ್ಲೇ ವೋಲ್ಟೇಜ್ ಹರಡಿರುತ್ತದೆ. ಕಾಲು ಅಗಲಿಸಿದಷ್ಟೂ ಎರಡು ಪಾದಗಳ ನಡುವಿನ ವ್ಯತ್ಯಾಸ ಹೆಚ್ಚು, ಹಾಗಾಗಿ ಹತ್ತಿರ ಇದ್ದವರು ಪಾದ ಜೋಡಿಸಿಕೊಂಡು ಎಳೆದೆಳೆದು ದೂರ ಸರಿಯಬೇಕು.

ಆಗ ಒಬ್ಬರು “ಕರೆಂಟ್ ಹೋಗಿದೆ ಸಾರ್, ಎಳೀತೀವಿ” ಎನ್ನುತ್ತಾರೆ. ಇದನ್ನು ನಂಬಬಾರದು. ಟ್ರಿಪ್ ಆದ ಫೀಡರನ್ನು (ಒಂದು ಪ್ರದೇಶಕ್ಕೆ ಕರೆಂಟ್ ಒಯ್ಯುವ ಲೈನನ್ನು) ಸಬ್‌ಸ್ಟೇಷನ್‌ನಲ್ಲಿ ಇನ್ನೊಮ್ಮೆ ಚಾರ್ಜ್ ಮಾಡಿ ನೋಡುವುದುಂಟು. ಪಕ್ಕದ ಬಂಗಲೆಯ ಜನರೇಟರ್ ಸರಿಯಾಗಿ ಜೋಡಿಸಿರದಿದ್ದರೆ ಹಿಂದುಮುಂದಾಗಿ ಲೈನಿಗೇ ಕರೆಂಟ್ ಹತ್ತುತ್ತದೆ. ಡಿಸ್ಪ್ಯಾಚರ್ ಆಂಬುಲೆನ್ಸಿಗಿಂತ ಮೊದಲು, ಅಥವಾ ಇನ್ನೊಂದು ಕೈಯಲ್ಲಿ ಅದೇ ಹೊತ್ತಿಗೆ, ಸೆಸ್ಕ್‌ಗೆ ಹೇಳಬೇಕು (ಸಾರ್ವಜನಿಕರಿಗೆ 1912). ಯಾವ ಫೀಡರ್, ಯಾವ ಟ್ರಾನ್ಸ್‌ಫಾರ್ಮರ್ ಎಂದು ತಿಳಿಸಿ, ಲೈನ್ ಆಫ್ ಮಾಡಿ ಹಾಗೇ ಹಿಡಿದಿದ್ದೇವೆ ಎಂದು ಹೇಳಿದವರ ಹೆಸರು ಮತ್ತು ಹೊತ್ತನ್ನು ಬರೆದುಕೊಂಡ ಮೇಲೆಯೇ ಸ್ಥಳದಲ್ಲಿರುವವರಿಗೆ “ಈಗ ಮುಟ್ಟಬಹುದು” ಎನ್ನಬೇಕು. ಆ ಕೆಲವು ನಿಮಿಷ ಫೋನಿನ ಎರಡೂ ತುದಿಯಲ್ಲಿ ಇರುವವರಿಗೆ ನರಕ. ಆದರೂ ದಾರಿ ಬೇರಿಲ್ಲ.

ಹೆದ್ದಾರಿ 275ರಲ್ಲಿ ಟ್ಯಾಂಕರ್ ಮಗುಚಿದರೆ ಹಿಂಬದಿಯ ಫಲಕದಲ್ಲಿನ ನಾಲ್ಕು ಅಂಕಿಯ ಸಂಖ್ಯೆ ಹೇಳಿ. 1075 ಎಂದರೆ ಅಡುಗೆ ಅನಿಲ, 1203 ಪೆಟ್ರೋಲ್, 1202 ಡೀಸೆಲ್. ಅಡುಗೆ ಅನಿಲ ಗಾಳಿಗಿಂತ ಭಾರ, ಘಾಟಿಯಲ್ಲಿ ಅದು ಚರಂಡಿ ಹಿಡಿದು ಕೆಳಗಿನ ಮನೆಗಳ ಕಡೆ ಇಳಿಯುತ್ತದೆ. ಓಡಬೇಕಾದ ದಿಕ್ಕು ಮೇಲಕ್ಕೆ, ಗಾಳಿ ಬರುವ ಕಡೆಗೆ. ಸಂಖ್ಯೆ ಓದಲು ಹತ್ತಿರ ಹೋಗುವುದು ಬೇಡ, ಮೊಬೈಲ್ ಕ್ಯಾಮೆರಾದ ಜೂಮ್ ಇರುವುದು ಇದಕ್ಕೂ ಹೌದು.

ಆನೆಯ ಕರೆಯಲ್ಲಿ ಎಷ್ಟಿವೆ, ಮರಿ ಇದೆಯೇ, ಯಾವ ಕಡೆ ಹೊರಟವು ಎಂದು ಕೇಳುತ್ತಾರೆ. ಅರಣ್ಯ ಇಲಾಖೆಗೆ (1926) ಈ ಮೂರೂ ಬೇಕು. ಅದಕ್ಕಿಂತ ಮುಖ್ಯ, ಇದನ್ನು ಆಂಬುಲೆನ್ಸ್ ಚಾಲಕನಿಗೂ ದಾಟಿಸಬೇಕು. ಗಾಯಾಳು ಒಳಗೆ, ಆನೆ ಗೇಟಿನ ಬಳಿ ಎಂದಾದರೆ ಹೋದವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಎಷ್ಟೋ ಸಲ ತೋಟದ ಜೀಪಿನಲ್ಲೇ ಗಾಯಾಳುವನ್ನು ಡಾಂಬರು ರಸ್ತೆಗೆ ತಂದು, ಅರ್ಧ ದಾರಿಯಲ್ಲಿ ಆಂಬುಲೆನ್ಸಿಗೆ ದಾಟಿಸುವುದೇ ಬೇಗ. ಹಾಗೆ ಮಾಡುವಾಗ ಭೇಟಿಯ ಜಾಗ ಒಂದೇ ಇರಲಿ. “ಎಲ್ಲಾದರೂ ಸಿಗೋಣ” ಎಂದು ಹೊರಟ ಎರಡು ವಾಹನಗಳು ಎರಡು ರಸ್ತೆಯಲ್ಲಿ ಒಂದನ್ನೊಂದು ದಾಟಿಬಿಡುತ್ತವೆ.

ವೈರ್‌ಲೆಸ್‌ನ ಸಂಗತಿ ಚಿಕ್ಕದು, ತಪ್ಪುವುದು ಮಾತ್ರ ದಿನಾ. ಗುಂಡಿ ಒತ್ತಿ ಒಂದು ಸೆಕೆಂಡು ಬಿಟ್ಟು ಮಾತಾಡಬೇಕು, ಇಲ್ಲವಾದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಕನ್ನಡದ ಸಂಖ್ಯೆಗಳಲ್ಲಿ ಇಪ್ಪತ್ತು-ಎಪ್ಪತ್ತು, ಎಂಬತ್ತು-ತೊಂಬತ್ತು ಗೊರಗೊರ ಸದ್ದಿನಲ್ಲಿ ಒಂದೇ ಆಗಿ ಕೇಳುತ್ತವೆ. ಆದ್ದರಿಂದ “ಏಳು, ಸೊನ್ನೆ” ಎಂದು ಬಿಡಿಬಿಡಿಯಾಗಿ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿಕೊಳ್ಳಬೇಕು. ತಿರುಗಿ ಹೇಳಿಸದ ಸಂದೇಶ ತಲುಪಿಲ್ಲ ಎಂದೇ ಲೆಕ್ಕ.

ಈಗ ಮಳೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಇಳಿದಾಗ ಏನೇನು ಕೆಟ್ಟಿತೋ ಅದೇ ಕ್ರಮದಲ್ಲಿ ಮುಂದೆಯೂ ಕೆಡುತ್ತದೆ. ಮೊದಲು ಕರೆಂಟ್ ಹೋಗುತ್ತದೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಡೀಸೆಲ್. ರಸ್ತೆ ಕುಸಿದಿದ್ದರೆ ಡೀಸೆಲ್ ಹೋಗುವುದಿಲ್ಲ. ಅಲ್ಲಿಂದ ಮುಂದೆ ಆಪತ್ತಿನಲ್ಲಿರುವವರಿಂದ ಕರೆ ನಿಂತು, ಹೊರಗಿನವರ ಕರೆ ಶುರುವಾಗುತ್ತದೆ. ಡಿಸ್ಪ್ಯಾಚರ್ ಹೆದರಬೇಕಾದ್ದು ಕರೆ ಬರುತ್ತಿರುವ ಊರಿಗಿಂತ, ಬೆಳಿಗ್ಗೆ ಹತ್ತು ಕರೆ ಬಂದು ಮಧ್ಯಾಹ್ನ ಮೌನವಾದ ಊರಿಗೆ.

ಬೆಂಗಳೂರಿನಿಂದಲೋ ಕೊಲ್ಲಿಯಿಂದಲೋ ಮಗಳು ಮಾಡುವ ಕರೆಗೆ ಪ್ರಶ್ನೆಗಳು ಬೇರೆ: ಕೊನೆಗೆ ಮಾತಾಡಿದ್ದು ಎಷ್ಟು ಹೊತ್ತಿಗೆ, ಮನೆಯಲ್ಲಿ ಎಷ್ಟು ಜನ, ನಡೆಯಲಾಗದವರು ಯಾರು, ಪಕ್ಕದ ಮನೆಯ ನಂಬರ್ ಇದೆಯೇ. ಒಂದೇ ಮನೆಗೆ ಅಣ್ಣ, ತಂಗಿ, ಸ್ನೇಹಿತ ಎಂದು ಆರು ಇವೆಂಟ್ ತೆರೆದಿರುತ್ತದೆ. ಜೊತೆಗೆ ವಾಟ್ಸಾಪ್‌ನಲ್ಲಿ ತಿರುಗುವ ಹಳೆಯ ಸಂದೇಶ, ಅವರನ್ನು ಕರೆತಂದಾಗಿ ಒಂದು ದಿನ ಕಳೆದಿದ್ದರೂ ಮತ್ತೆ ಕರೆ ತರಿಸುತ್ತದೆ. ಆದ್ದರಿಂದ ಆಗ ಪಟ್ಟಿ ಮಾಡುವುದು ಕರೆಯ ಲೆಕ್ಕದಲ್ಲಲ್ಲ, ಮನೆಯ ಲೆಕ್ಕದಲ್ಲಿ. ಒಂದು ಮನೆಗೆ ಒಂದು ಸಾಲು, ತಲೆ ಎಷ್ಟು, ಎಷ್ಟು ಜನ ಹೊರಬಂದರು, ಎಷ್ಟು ಹೊತ್ತಿಗೆ. ನಿಮ್ಮ ಕಡೆಯಿಂದ ಒಂದು ಉಪಕಾರ ಬೇಕು: ಸುರಕ್ಷಿತವಾಗಿ ಹೊರಬಂದ ಮೇಲೂ ಫೋನ್ ಮಾಡಿ “ಬಂದೆವು” ಎನ್ನಿ. ಇಲ್ಲದಿದ್ದರೆ ಖಾಲಿ ಮನೆ ಹುಡುಕಲು ಒಂದು ತಂಡ ಹಗ್ಗ ಹಿಡಿದು ಹೋಗುತ್ತದೆ.

ಹತ್ತಿರದ ವಾಹನ ಎಂಬ ಮಾತೂ ಮಳೆಯಲ್ಲಿ ಸುಳ್ಳಾಗುತ್ತದೆ. ಜೋಡುಪಾಲ ಕೊಡಗಿನದ್ದೇ, ಆದರೆ ಮಡಿಕೇರಿ ಕಡೆಯ ರಸ್ತೆ ಕುಸಿದಾಗ ಅಲ್ಲಿನ ಜನಕ್ಕೆ ಆಸರೆ ಸಿಕ್ಕಿದ್ದು ಸಂಪಾಜೆ, ಅರಂತೋಡು ಕಡೆಯಲ್ಲಿ. ನಕ್ಷೆಯ ಮೇಲೆ ಎರಡು ಕಿಲೋಮೀಟರ್ ಇದ್ದರೂ ನಡುವೆ ತುಂಬಿದ ಹೊಳೆಯಿದ್ದರೆ ಅದು ಇಪ್ಪತ್ತು. ಅದಕ್ಕೇ ಪಾಳಿ ಬದಲಾಗುವಾಗ ಬಾಕಿ ಇವೆಂಟುಗಳ ಜೊತೆ ಮುಚ್ಚಿದ ರಸ್ತೆಗಳ ಪಟ್ಟಿಯನ್ನೂ ಬಾಯಿಮಾತಿನಲ್ಲಿ ದಾಟಿಸಬೇಕು. ಪರದೆಯಲ್ಲಿದೆಯಲ್ಲ ಎಂದು ಎದ್ದುಹೋಗುವುದು ಈ ಕೆಲಸದಲ್ಲಿ ಅತಿ ಕೆಟ್ಟ ಅಭ್ಯಾಸ.

ಗುಡ್ಡ ಬಿರಿದಿದೆ ಎಂದು ಕರೆ ಮಾಡಿದವರಿಗೆ ಹೇಳುವುದು ಚುಟುಕಾಗಿ: ನೀರು ಏಕಾಏಕಿ ಕೆಂಪಾದರೆ, ಅಥವಾ ಹರಿಯುತ್ತಿದ್ದ ತೋಡು ಇದ್ದಕ್ಕಿದ್ದಂತೆ ಬತ್ತಿದರೆ, ಹೊರಡಿ. ತೋಡಿನ ಉದ್ದಕ್ಕೆ ಕೆಳಗೆ ಓಡಬೇಡಿ, ಅಡ್ಡಕ್ಕೆ ಸರಿದು ಏರು ಸಿಕ್ಕ ಕಡೆ ಹತ್ತಿ. ದನಗಳ ಹಗ್ಗ ಬಿಚ್ಚಿಬಿಡಿ, ಹಿಡಿದುಕೊಂಡು ಹೋಗಬೇಡಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇವೆ.

ಜೇಬಿನಲ್ಲೇ 112 ಒತ್ತಿಹೋದರೆ? 2017ರಿಂದ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಕಡ್ಡಾಯ. ಸಾದಾ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿ ಮೂರು ಸಲ ಒತ್ತಿದರೆ ಕರೆ ಹೋಗುವಂತೆ ನಿಯಮ. ತಪ್ಪಿ ಹೋದರೆ ಕಟ್ ಮಾಡಬೇಡಿ, “ತಪ್ಪಿ ಒತ್ತಿದೆ” ಎನ್ನಿ, ಬೈಯುವುದಿಲ್ಲ. ಕಟ್ ಮಾಡಿದರೆ ಅವರು ತಿರುಗಿ ಫೋನ್ ಮಾಡಬೇಕು, ನೀವು ಎತ್ತದಿದ್ದರೆ ಆಪತ್ತಿನಲ್ಲಿದ್ದೀರೋ ಏನೋ ಎಂದು ತಲೆ ಕೆಡಿಸಿಕೊಳ್ಳಬೇಕು.

ಅಪಘಾತ ನೋಡಿ ಕರೆ ಮಾಡಿದರೆ ಸಾಕ್ಷಿಗೆ ಎಳೆಯುತ್ತಾರೆಯೇ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳುವುದು ನಿಮ್ಮ ಇಷ್ಟ. ಫೋನ್ ಮಾತ್ರ ಸ್ವಿಚ್ ಆಫ್ ಮಾಡಬೇಡಿ, ದಾರಿ ತಪ್ಪಿದ ಚಾಲಕನಿಗೆ ಬೇಕಾಗುವುದು ನೀವೇ.

ಗುಂಡಿನ ಸದ್ದು ಕೇಳಿದರೆ ಕರೆ ಮಾಡಬೇಕೇ? ಇದನ್ನು ಕೇಳಿದವರು ಹೊಸದಾಗಿ ಬಂದ ಹೋಂಸ್ಟೇ ನಡೆಸುವವರು. ಕೊಡಗಿನಲ್ಲಿ ಕೋವಿ ಮನೆಮನೆಯ ವಸ್ತು. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕುಯ್ಯುವಾಗ ಗುಂಡು ಹಾರುತ್ತದೆ, ಸಾವಿನ ಮನೆಯಿಂದ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯೂ ಇದೆ. ಅನುಮಾನವಿದ್ದರೆ ಕರೆ ಮಾಡಿ. ಎಷ್ಟು ಸದ್ದು, ನಡುವೆ ಎಷ್ಟು ಅಂತರ, ಯಾವ ದಿಕ್ಕಿನಿಂದ, ಆಮೇಲೆ ಕೂಗಾಟವೋ ವಾಹನದ ಸದ್ದೋ ಕೇಳಿತೇ ಎಂದು ಹೇಳಿ. ಮಡಿಕೇರಿಯ ಪರದೆಯ ಮುಂದೆ ಕೂತವರು ಮೊದಲು ಆ ದಿಕ್ಕಿನ ಬೀಟ್ ಪೊಲೀಸರಿಗೆ ಫೋನ್ ಮಾಡಿ, ಅಲ್ಲಿ ಸಾವಿನ ಮನೆ ಇದೆಯೇ ಎಂದು ಕೇಳುತ್ತಾರೆ.